ಹರಾಜು ಏರಿದಷ್ಟೂ ಸಂತೆ ಸೊರಗುತ್ತದೆ: ಹಳ್ಳಿಯ ಸಂತೆ, ಜಾತ್ರೆಗಳಲ್ಲಿ ಸಣ್ಣ ವ್ಯಾಪಾರದ ಲೆಕ್ಕ

ಮಾರ್ಚ್ ಹತ್ತಿರ ಬಂದರೆ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದ ಮೇಲೆ ಒಂದು ಪ್ರಕಟಣೆ ಬೀಳುತ್ತದೆ. ಏಪ್ರಿಲ್ 1ರಿಂದ ಒಂದು ವರ್ಷದ ಮಟ್ಟಿಗೆ ವಾರದ ಸಂತೆಯ ಸುಂಕ ವಸೂಲಿ ಹಕ್ಕಿಗೆ ಬಹಿರಂಗ ಹರಾಜಿದೆ, ಆಸಕ್ತರು ಠೇವಣಿ ಕಟ್ಟಿ ಸವಾಲು ಕೂಗಬಹುದು. ಉತ್ತರ ಕರ್ನಾಟಕದ ಕಡೆ ಇದೇ ಜಕಾತಿ ಲಿಲಾವು. ಕೂಗು ಜೋರಾಗಿ ಮೊತ್ತ ಹೋದ ವರ್ಷದ್ದಕ್ಕಿಂತ ದುಪ್ಪಟ್ಟಾದರೆ ಪಂಚಾಯಿತಿಗೆ ಖುಷಿ, ಜಿಲ್ಲಾ ಪುಟಕ್ಕೆ ಸುದ್ದಿ. ಆದರೆ ಆ ದುಪ್ಪಟ್ಟು ಹಣ ಯಾರ ಚೀಲದಿಂದ ಬರಬೇಕು ಎಂಬ ಲೆಕ್ಕ ಹರಾಜಿನ ಸಭೆಯಲ್ಲಿ ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಮಾಡಿದರೆ ಹತ್ತು ನಿಮಿಷದ ಕೆಲಸ.

ಉದಾಹರಣೆಗೆ 200 ಜನ ಕೂರುವ ಒಂದು ಸಂತೆ ಇಟ್ಟುಕೊಳ್ಳಿ. ಪಂಚಾಯಿತಿಯ ನಿರ್ಣಯದಲ್ಲಿ ಬರೆದ ದರ ತಲೆಗೆ 20 ರೂಪಾಯಿ. ಮಳೆ, ಚುನಾವಣೆ, ಸಾವು ಸೂತಕ ಯಾವುದೂ ಅಡ್ಡ ಬರದೆ 52 ವಾರವೂ ಎಲ್ಲರೂ ಕೊಟ್ಟರೆ ವರ್ಷಕ್ಕೆ 2,08,000 ರೂಪಾಯಿ. ಇಂಥ ಸಂತೆ ಹರಾಜಿನಲ್ಲಿ 6 ಲಕ್ಷಕ್ಕೆ ಹೋಯಿತು ಎನ್ನಿ. ಪಂಚಾಯಿತಿಗೆ ಕಟ್ಟಬೇಕಾದ್ದೇ ವಾರಕ್ಕೆ ಹನ್ನೊಂದೂವರೆ ಸಾವಿರ. ಚೀಟಿ ಹರಿಯುವ ಇಬ್ಬರ ಕೂಲಿ, ಗುತ್ತಿಗೆ ಹಿಡಿದವನ ಲಾಭ ಸೇರಿ ಇನ್ನೊಂದು ನಾಲ್ಕು ಸಾವಿರ. 15,500 ರೂಪಾಯಿಯನ್ನು 200 ಜನರಿಗೆ ಹಂಚಿದರೆ ತಲೆಗೆ ಸುಮಾರು 78 ರೂಪಾಯಿ. ಫಲಕದ ಮೇಲೆ 20, ಕೈಯಲ್ಲಿ ಕೇಳುವುದು 50ರಿಂದ 100. ಇದನ್ನು ಗುತ್ತಿಗೆದಾರನ ದೌರ್ಜನ್ಯ ಎಂದು ಬೈದು ಸುಮ್ಮನಾಗುವುದು ಸುಲಭ. ನಿಜವೇನೆಂದರೆ, 2,08,000ಕ್ಕಿಂತ ಮೇಲಿನ ಸವಾಲನ್ನು ಒಪ್ಪಿಕೊಂಡ ಗಳಿಗೆಯಲ್ಲೇ ಪಂಚಾಯಿತಿ ತನ್ನ ದರವನ್ನು ತಾನೇ ಮುರಿದಿರುತ್ತದೆ. ಸಂತೆಯ ದಿನ ನಡೆಯುವ ಜಗಳ ಅದರ ಬಾಲ ಮಾತ್ರ.

ಕಾನೂನಿನ ಕಡೆಯಿಂದ ಗೊಂದಲವೇನಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣ ಸಂತೆಯಲ್ಲಿ ಸರಕು ಹರಡುವವರಿಂದ ಮಾರುಕಟ್ಟೆ ಶುಲ್ಕ, ಮಾರಾಟಕ್ಕೆ ತಂದ ದನಗಳ ನೋಂದಣಿಗೆ ಶುಲ್ಕ ವಸೂಲು ಮಾಡುವ ಅಧಿಕಾರವನ್ನು ಪಂಚಾಯಿತಿಗೆ ಕೊಟ್ಟಿದೆ. ಜಾತ್ರೆಗೆ ಬರುವವರ ಮೇಲೆ ಯಾತ್ರಿಕ ಶುಲ್ಕ ಹಾಕಲೂ ಅವಕಾಶವಿದೆ. ಆದರೆ ಅಲ್ಲೊಂದು ಷರತ್ತಿದೆ: ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆಯನ್ನು ಪಂಚಾಯಿತಿ ಮಾಡಿರಬೇಕು. ಶುಲ್ಕಕ್ಕೂ ಸೌಲಭ್ಯಕ್ಕೂ ಗಂಟು ಹಾಕಿರುವ ಈ ಸಾಲನ್ನು ಓದಿದ ಸದಸ್ಯರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಹೆಚ್ಚುವರಿ ವಸೂಲಿಯ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಮಿನಿ ಲಾರಿಯಲ್ಲಿ ಬಟ್ಟೆ ತಂದು 15,000 ರೂಪಾಯಿ ವ್ಯಾಪಾರ ಮಾಡುವವನಿಗೆ 100 ರೂಪಾಯಿ ಲೆಕ್ಕಕ್ಕಿಲ್ಲ. ಮುಂಜಾನೆ ಕಿತ್ತ ಮೆಂತ್ಯ, ಸಬ್ಬಸಿಗೆ, ದಂಟನ್ನು ಗಂಟು ಕಟ್ಟಿ ತಂದ ಹೆಂಗಸಿನ ಇಡೀ ದಿನದ ಮಾರಾಟವೇ 600 ರೂಪಾಯಿ ಇದ್ದರೆ, 50 ರೂಪಾಯಿ ಎಂದರೆ ನೂರಕ್ಕೆ ಎಂಟು. ಇಂಥವರು ಮೂರು ವಾರ ನೋಡಿ ನಾಲ್ಕನೇ ವಾರದಿಂದ ಸೊಪ್ಪನ್ನು ಮಧ್ಯವರ್ತಿಗೇ ಕೊಟ್ಟುಬಿಡುತ್ತಾರೆ. ಸಂತೆಯಲ್ಲಿ ರೈತರು ಕಡಿಮೆಯಾಗಿ, ಪೇಟೆಯಿಂದ ತಂದು ಮಾರುವವರು ಉಳಿಯುತ್ತಾರೆ. ಊರ ಸಂತೆಗೂ ತಾಲ್ಲೂಕು ಕೇಂದ್ರದ ತರಕಾರಿ ಅಂಗಡಿಗೂ ದರದಲ್ಲಿ ವ್ಯತ್ಯಾಸವೇ ಇಲ್ಲವೆಂದಾದ ಮೇಲೆ ಕೊಳ್ಳುವವರೂ ಬರುವುದಿಲ್ಲ. ಮುಂದಿನ ಹರಾಜಿನ ಹೊತ್ತಿಗೆ 200 ಜನ 150 ಆಗಿರುತ್ತಾರೆ, ತಲೆಗೆ ಬೀಳುವ ಮೊತ್ತ ಇನ್ನೂ ಏರಿರುತ್ತದೆ.

ಒಂದೇ ಅಂಗಡಿ, ಮೂರು ಚೀಟಿ

ಜಾತ್ರೆಯ ವಿಷಯಕ್ಕೆ ಬಂದರೆ ಲೆಕ್ಕ ಇನ್ನಷ್ಟು ಸಿಕ್ಕು. ಸಂತೆಗೆ ಒಬ್ಬ ಒಡೆಯ, ಜಾತ್ರೆಗೆ ಹಲವರು. ದೇವಸ್ಥಾನದ ಆವರಣ ಮುಜರಾಯಿ ಇಲಾಖೆಯದು, ಅಲ್ಲಿ ನೆಲದ ಹರಾಜು ದೇವಸ್ಥಾನದ ಕಾರ್ಯನಿರ್ವಹಣಾಧಿಕಾರಿ ಇಲ್ಲವೇ ವ್ಯವಸ್ಥಾಪನಾ ಸಮಿತಿಯ ಕೈಯಲ್ಲಿ. ಊರೊಳಗಿನ ಬೀದಿ ಪಂಚಾಯಿತಿಯದು. ಊರಿಗೆ ಬರುವ ಮುಖ್ಯ ರಸ್ತೆಯ ಅಂಚು ಲೋಕೋಪಯೋಗಿ ಇಲಾಖೆಯದು, ಅಲ್ಲಿ ಕಾಗದದ ಮೇಲೆ ಯಾರೂ ವಸೂಲು ಮಾಡುವಂತಿಲ್ಲ, ನೆಲದ ಮೇಲೆ ಯಾರಾದರೊಬ್ಬರು ಮಾಡಿಯೇ ಮಾಡುತ್ತಾರೆ. ಪಕ್ಕದ ಕೊಯ್ಲಾದ ಹೊಲ ಖಾಸಗಿ, ಹೊಲದವನು ಬಾಡಿಗೆ ಕೇಳುತ್ತಾನೆ. ಹೀಗೆ ಹತ್ತು ಅಡಿ ಅಗಲದ ಬಳೆ ಅಂಗಡಿಯೊಂದು ಹಿಂಭಾಗಕ್ಕೆ ಹೊಲದವನಿಗೆ, ಮುಂಭಾಗಕ್ಕೆ ಪಂಚಾಯಿತಿ ಗುತ್ತಿಗೆದಾರನಿಗೆ, ಮೇಲಿನಿಂದ ಜಾತ್ರಾ ಸಮಿತಿಯ ದೇಣಿಗೆ ಚೀಟಿಗೆ ದುಡ್ಡು ಕಟ್ಟುವುದು ಹೊಸ ಸಂಗತಿಯಲ್ಲ. ದೇಣಿಗೆ ಚೀಟಿಗೆ ರಸೀದಿ ಕೊಡುತ್ತಾರೆ, ನೆಲಬಾಡಿಗೆಗೆ ಕೊಡುವುದಿಲ್ಲ. ಇದು ಉಲ್ಟಾ ಇರಬೇಕಿತ್ತು.

ಐದು ದಿನದ ಜಾತ್ರೆಯಲ್ಲಿ ಬೆಂಡು ಬತ್ತಾಸು, ಖಾರ, ಕಡ್ಲೆಪುರಿ ಮಾರುವ 10 ಅಡಿ × 10 ಅಡಿ ಅಂಗಡಿಯ ಲೆಕ್ಕ ಹಾಕಿ ನೋಡಬಹುದು. ಊರಿಂದೂರಿಗೆ ಅಂಕಿ ಬದಲಾಗುತ್ತದೆ, ಲೆಕ್ಕದ ಆಕಾರ ಬದಲಾಗುವುದಿಲ್ಲ. ಸರಕು 60,000 ರೂಪಾಯಿಯದು, ಎಲ್ಲವೂ ಖರ್ಚಾದರೆ ಒಂದು ಲಕ್ಷ ಕೈಗೆ ಬರುತ್ತದೆ. ಅಂದರೆ ಮೇಲೆ ಸಿಗುವುದು 40,000. ಇದರಲ್ಲಿ ನೆಲಬಾಡಿಗೆ 8,000, ತಗಡು, ಗಳ, ತಾಡಪಾಲಿಗೆ 3,500, ದೀಪಕ್ಕೆ 750, ಸರಕು ತಂದು ಒಯ್ಯುವ ಗಾಡಿ ಬಾಡಿಗೆ 5,000, ಇಬ್ಬರು ಆಳುಗಳಿಗೆ ಊಟ ಸೇರಿ ದಿನಕ್ಕೆ ತಲಾ 750ರಂತೆ 7,500, ಸ್ವಂತ ಊಟ, ನೀರು, ದೇಣಿಗೆ ಇತ್ಯಾದಿ 3,250. ಒಟ್ಟು 28,000. ಎಲ್ಲ ಸರಿಹೋದರೆ ಉಳಿಯುವುದು 12,000. ಗಂಡ ಹೆಂಡತಿ ಇಬ್ಬರೂ ಐದು ದಿನ ಹಗಲು ರಾತ್ರಿ ದುಡಿದದ್ದಕ್ಕೆ.

ಇನ್ನು ತೇರಿನ ಸಂಜೆ ಒಂದು ತಾಸು ಮಳೆ ಹೊಡೆದು ಮೂರರಲ್ಲೊಂದು ಪಾಲು ಸರಕು ಉಳಿಯಿತು ಎನ್ನಿ. ಮಾರಾಟ 66,700ಕ್ಕೆ ಇಳಿಯುತ್ತದೆ. ಮಾರಿದ ಸರಕಿನ ಅಸಲು 40,000 ಕಳೆದರೆ 26,700, ಖರ್ಚು 28,000. ದುಡಿದೂ 1,300 ರೂಪಾಯಿ ಕೈಬಿಟ್ಟಂತೆ. ಉಳಿದ 20,000ದ ಸರಕು ಮುಂದಿನ ಜಾತ್ರೆಗೆ ಹೋಗಬಹುದು, ಒಣಗಿದ್ದರೆ ಮಾತ್ರ. ಬತ್ತಾಸು ಎಂದರೆ ಬರೀ ಸಕ್ಕರೆ. ಗಾಳಿಯ ತೇವ ಎಳೆದುಕೊಂಡರೆ ಒಂದೇ ರಾತ್ರಿಯಲ್ಲಿ ಮೈ ಜಿಗುಟಾಗಿ ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತದೆ. ಕಡ್ಲೆಪುರಿ ಮೆತ್ತಗಾಗುತ್ತದೆ, ಅದನ್ನಾದರೆ ಮತ್ತೆ ಬಿಸಿ ಮಾಡಿ ಗರಿಗರಿ ಮಾಡಬಹುದು. ಬತ್ತಾಸಿಗೆ ಆ ದಾರಿಯೂ ಇಲ್ಲ. ಅದಕ್ಕೇ ಅನುಭವಸ್ಥರು ಚೀಲವನ್ನು ನೆಲಕ್ಕೆ ತಾಗಿಸುವುದಿಲ್ಲ. ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಒಳಗೆ ಪ್ಲಾಸ್ಟಿಕ್ ಹಾಳೆಯಿರುವ ಚೀಲ, ಬಾಯಿ ಬಿಗಿದು ಕಟ್ಟಿ. ಮಾರಾಟಕ್ಕೆ ಒಂದು ಸಲಕ್ಕೆ ಒಂದೇ ಚೀಲ ಬಿಚ್ಚುವುದು. ತಾಡಪಾಲಿನ ಇಳಿಜಾರು ಹಿಂದಕ್ಕಿರಬೇಕು. ಮುಂದಕ್ಕಿದ್ದರೆ ನೀರೆಲ್ಲ ಗಿರಾಕಿಯ ತಲೆ ಮೇಲೆ, ಅವರು ನಿಲ್ಲುವುದಿಲ್ಲ.

ಈ ಲೆಕ್ಕದಲ್ಲಿ ವ್ಯಾಪಾರಿಯ ಕೈಯಲ್ಲಿಲ್ಲದ ದೊಡ್ಡ ಬಾಬ್ತು ಎರಡೇ: ಮಳೆ ಮತ್ತು ನೆಲಬಾಡಿಗೆ. 8,000 ಇದ್ದ ನೆಲಬಾಡಿಗೆ ಹರಾಜಿನ ಜಿದ್ದಿನಲ್ಲಿ 15,000 ಆದರೆ, ಒಂದು ಹನಿ ಮಳೆ ಬೀಳದಿದ್ದರೂ, ಸರಕೆಲ್ಲ ಖಾಲಿಯಾದರೂ ಉಳಿಯುವುದು 5,000. ಬೆಲೆ ಏರಿಸೋಣ ಎಂದರೆ ಎದುರಿನ ಅಂಗಡಿಯಲ್ಲೂ ಅದೇ ಬತ್ತಾಸು. ಆದ್ದರಿಂದ ಏರಿಕೆ ಬೇರೆ ದಾರಿಯಲ್ಲಿ ಹೊರಬರುತ್ತದೆ: ತೂಕದಲ್ಲಿ, ಎಣ್ಣೆಯಲ್ಲಿ, ಬಣ್ಣದಲ್ಲಿ. ಜಾತ್ರೆ ತಿಂಡಿ ಕೆಟ್ಟದ್ದು ಎಂದು ಮೂಗು ಮುರಿಯುವವರು ನೆಲಬಾಡಿಗೆಯ ಚೀಟಿಯನ್ನೂ ಒಮ್ಮೆ ನೋಡಬೇಕು.

ಬಂಡವಾಳದ ಬೆಲೆ ಇದರ ಮೇಲೆ. ಸರಕು ಸಾಮಾನ್ಯವಾಗಿ ಸಗಟು ಅಂಗಡಿಯಿಂದ ಉದ್ರಿ, ಜಾತ್ರೆ ಮುಗಿದ ಮೇಲೆ ಪಾವತಿ. ಆದರೆ ನೆಲಬಾಡಿಗೆ, ಗಾಡಿ, ಕೂಲಿ ಎಲ್ಲವೂ ಕೈಗಾಸು, ಅದಕ್ಕೆ ಸಾಲ ಬೇಕು. ದಿನದ ಕಂತಿನ ಸಾಲದ ಒಂದು ಸಾಮಾನ್ಯ ರೂಪ ಹೀಗೆ: 20,000 ಎಂದು ಬರೆದುಕೊಂಡು 2,000 ಮೊದಲೇ ಹಿಡಿದು 18,000 ಕೈಗೆ ಕೊಡುತ್ತಾರೆ, ದಿನಕ್ಕೆ 200ರಂತೆ 100 ದಿನ ತೀರಿಸಬೇಕು. ಕೇಳಲು ನೂರಕ್ಕೆ ಹತ್ತು. ಆದರೆ ಅಸಲು ದಿನವೂ ಕರಗುತ್ತಿರುವುದರಿಂದ ನೂರು ದಿನದಲ್ಲಿ ಸರಾಸರಿ ಕೈಯಲ್ಲಿದ್ದದ್ದು 9,000 ಮಾತ್ರ. 9,000ಕ್ಕೆ ನೂರು ದಿನಕ್ಕೆ 2,000 ಬಡ್ಡಿ ಎಂದರೆ ವರ್ಷಕ್ಕೆ ಶೇ 80ರ ಆಸುಪಾಸು. 2025ರಲ್ಲಿ ರಾಜ್ಯ ಸರ್ಕಾರ ಮೊದಲು ಸುಗ್ರೀವಾಜ್ಞೆಯ ಮೂಲಕ, ನಂತರ ಶಾಸನದ ಮೂಲಕ ಕಿರು ಸಾಲಗಳ ಬಲವಂತದ ವಸೂಲಿಗೆ ಕಡಿವಾಣ ಹಾಕಿತು. ವಸೂಲಿಯ ಕಿರುಕುಳಕ್ಕೆ ಅದು ಮದ್ದು. ಹಾಗೆಂದು ಕಡಿಮೆ ಬಡ್ಡಿಯ ಸಾಲ ಬೇರೆ ಎಲ್ಲಿಂದಲೋ ಬರುವುದಿಲ್ಲ.

ಪೇಟೆಯ ತಳ್ಳುಗಾಡಿಯವರಿಗೆ ಇರುವ ಎರಡು ಆಸರೆಗಳು ಹಳ್ಳಿಯ ಸಂತೆಯವರಿಗೆ ಇಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ಸೀಮಿತ. ಅಲ್ಲಿ ಪಟ್ಟಣ ಮಾರಾಟ ಸಮಿತಿ ಇರುತ್ತದೆ, ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಸಮೀಕ್ಷೆ ಮುಗಿಯದೆ ಎತ್ತಂಗಡಿ ಮಾಡುವಂತಿಲ್ಲ. ಗ್ರಾಮ ಪಂಚಾಯಿತಿಯ ಸಂತೆಯಲ್ಲಿ ಕೂರುವವರಿಗೆ ಅಂಥ ಸಮಿತಿಯೂ ಇಲ್ಲ, ಗುರುತಿನ ಚೀಟಿಯೂ ಇಲ್ಲ. 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲವೂ ಮೂಲತಃ ಪಟ್ಟಣದ ಬೀದಿ ವ್ಯಾಪಾರಿಗಳದ್ದು. 2025ರ ಪರಿಷ್ಕರಣೆಯಲ್ಲಿ ಕಂತುಗಳು 15,000, 25,000, 50,000 ಆದವು, ಪಟ್ಟಣದ ಅಂಚಿನ ಪ್ರದೇಶಗಳಿಗೂ ಹಂತಹಂತವಾಗಿ ವಿಸ್ತರಿಸುವ ಮಾತು ಬಂತು. ಪಟ್ಟಣದಿಂದ 30 ಕಿಲೋಮೀಟರ್ ದೂರದ ಸಂತೆಗೆ ಅದು ತಲುಪುವುದಿಲ್ಲ.

ದೀಪದ ಬುಡದ ಲೆಕ್ಕ

ಜಾತ್ರೆಯಲ್ಲಿ ಯಾರೂ ಪ್ರಶ್ನಿಸದ ಬಾಬ್ತು ಒಂದಿದೆ, ಕರೆಂಟು. ನೂರು ಅಂಗಡಿ, ಅಂಗಡಿಗೆ 20 ವಾಟ್‌ನ ಮೂರು ಎಲ್‌ಇಡಿ ಬಲ್ಬು. ಒಟ್ಟು ಹೊರೆ 6 ಕಿಲೋವಾಟ್. ರಾತ್ರಿಗೆ 7 ತಾಸಿನಂತೆ ಐದು ರಾತ್ರಿ ಉರಿದರೆ 210 ಯೂನಿಟ್. ತಾತ್ಕಾಲಿಕ ಸಂಪರ್ಕದ ದರ ಮನೆಯ ದರಕ್ಕಿಂತ ಹೆಚ್ಚು. ಧಾರಾಳವಾಗಿ ಯೂನಿಟ್‌ಗೆ 15 ರೂಪಾಯಿ ಹಿಡಿದರೂ 3,150 ರೂಪಾಯಿ. ಬಲ್ಬಿಗೆ ರಾತ್ರಿಗೆ 50 ರೂಪಾಯಿಯಂತೆ ಗುತ್ತಿಗೆದಾರ ಎತ್ತುವುದು 300 × 50 × 5, ಅಂದರೆ 75,000. ವೈರು, ಕಂಬ, ಎರಡು ಮೂರು ಜನರ ಕೂಲಿ, ಠೇವಣಿಯ ಬಡ್ಡಿ ಇವೆಲ್ಲ ಅದರಲ್ಲೇ ಬರಬೇಕು ನಿಜ. ಹಾಗಿದ್ದರೂ ನಡುವಿನ ಅಂತರ ಬಾಯಿ ಮುಚ್ಚಿ ಒಪ್ಪುವಂಥದ್ದಲ್ಲ. ಜಾತ್ರಾ ಸಮಿತಿಯೇ ವಿದ್ಯುತ್ ಸರಬರಾಜು ಕಂಪನಿಯಿಂದ (ಎಸ್ಕಾಂ) ತಾತ್ಕಾಲಿಕ ಸಂಪರ್ಕ ಪಡೆದು, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರನಿಗೆ ಕೂಲಿಗೆ ಕೊಟ್ಟರೆ ಬಲ್ಬಿಗೆ 20 ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ.

ಹಣಕ್ಕಿಂತ ಗಂಭೀರವಾದದ್ದು ವೈರಿನ ಕಥೆ. ಜೋಡಣೆಗಳಿಗೆ ಟೇಪು ಸುತ್ತದೆ ನೆಲದ ಮೇಲೆ ಎಳೆದು ಬಿಡುತ್ತಾರೆ, ತೆಳ್ಳನೆ ವೈರಿನ ಮೇಲೆ ಹೊರೆ ಹೆಚ್ಚಾಗಿ ಬಿಸಿಯಾಗುತ್ತದೆ. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ಕಳಚಿತೆಂದರೆ ಒಂದು ಸಾಲಿನ ಬಲ್ಬುಗಳು ಮಂಕಾಗಿ ಇನ್ನೊಂದು ಸಾಲಿನವು ಪಟಪಟ ಸುಟ್ಟುಹೋಗುತ್ತವೆ. ಪ್ರತಿ 20–25 ಅಂಗಡಿಗೆ ಹೊರೆ ಮೀರಿದರೆ ತಾನೇ ಆರುವ ಒಂದು ಪ್ರತ್ಯೇಕ ಸ್ವಿಚ್ಚು (ಎಂಸಿಬಿ), ಜೊತೆಗೆ ಕರೆಂಟು ಸೋರಿದರೆ ಆರುವ 30 ಮಿಲಿ ಆಂಪಿಯರ್‌ನ ಸ್ವಿಚ್ಚು (ಆರ್‌ಸಿಸಿಬಿ) ಕೂರಿಸಿದರೆ, ಒದ್ದೆ ತಗಡಿಗೆ ಕರೆಂಟು ಹರಿದ ಕೂಡಲೇ ಸಂಪರ್ಕ ಕಡಿಯುತ್ತದೆ. ತೊಟ್ಟಿಲು, ಜೈಂಟ್ ವೀಲ್‌ಗಳ ಮೋಟಾರಿಗೆ ಬೇರೆಯೇ ಸಂಪರ್ಕ ಇರಬೇಕು. ಅದು ಹೊರಡುವಾಗ ಎಳೆಯುವ ಕರೆಂಟಿಗೆ ಅಂಗಡಿ ಸಾಲಿನ ದೀಪಗಳು ಮಿಣುಕುವುದನ್ನು ಎಲ್ಲರೂ ಕಂಡಿರುತ್ತಾರೆ.

ಕಟ್ಟೆ ಖಾಲಿ, ರಸ್ತೆ ಭರ್ತಿ

ಸಂತೆಗೆ ಸೌಲಭ್ಯ ಎಂದ ತಕ್ಷಣ ಪಂಚಾಯಿತಿಗೆ ಹೊಳೆಯುವುದು ಕಟ್ಟೆ. 2018ರ ಕೇಂದ್ರ ಬಜೆಟ್‌ನಲ್ಲಿ ದೇಶದ 22,000 ಹಳ್ಳಿ ಸಂತೆಗಳನ್ನು ಉದ್ಯೋಗ ಖಾತ್ರಿ ಮತ್ತಿತರ ಹಣದಿಂದ ಸುಧಾರಿಸುವ ಘೋಷಣೆ ಬಂದ ಮೇಲಂತೂ ಕಾಂಕ್ರೀಟ್ ಕಟ್ಟೆ, ಮೇಲೆ ತಗಡಿನ ಸೂರು ಹಲವು ಊರುಗಳಲ್ಲಿ ಎದ್ದವು. ಸಂತೆಯ ದಿನ ಹೋಗಿ ನೋಡಿದರೆ ಕಟ್ಟೆಯ ಮೇಲೆ ನಾಯಿ ಮಲಗಿರುತ್ತದೆ, ವ್ಯಾಪಾರಿಗಳು ರಸ್ತೆಯಲ್ಲಿರುತ್ತಾರೆ. ಶಿಸ್ತಿಲ್ಲದ ಜನ ಎಂದು ಅಧಿಕಾರಿಗಳು ಗೊಣಗುತ್ತಾರೆ. ಕಾರಣ ಶಿಸ್ತಲ್ಲ, ಕಟ್ಟೆಯ ಎತ್ತರ ಮತ್ತು ನಡಿಗೆಯ ದಾರಿ.

ತರಕಾರಿ ಕೊಳ್ಳುವವರು ಬಗ್ಗಿ, ಕೈಯಿಂದ ಮುಟ್ಟಿ, ಆರಿಸಿ ಕೊಳ್ಳುತ್ತಾರೆ. ಕಟ್ಟೆ ಮೂರಡಿ ಎತ್ತರವಿದ್ದು ವ್ಯಾಪಾರಿ ಅದರ ಮೇಲೆ ಕೂತರೆ ಅವನ ಕಾಲು ಬಗ್ಗಿದ ಗಿರಾಕಿಯ ಮುಖದ ಮಟ್ಟಕ್ಕೆ ಬರುತ್ತದೆ. ಒಂದೂವರೆ ಅಡಿ ಎತ್ತರ, ನಾಲ್ಕರಿಂದ ಐದಡಿ ಆಳ ಸಾಕು: ಮುಂದೆ ಸರಕು, ಹಿಂದೆ ಮನುಷ್ಯ, ಬೆನ್ನಿಗೆ ಚೀಲ. ಎರಡು ಕಟ್ಟೆ ಸಾಲಿನ ನಡುವೆ ಕನಿಷ್ಠ ಎಂಟಡಿ ದಾರಿ ಬೇಕು. ಆರಡಿ ಇದ್ದರೆ ಇಬ್ಬರು ಬಗ್ಗಿದಾಗ ನಡುವೆ ಮೂರನೆಯವರು ಹಾಯಲಾರರು. ಎಲ್ಲಕ್ಕಿಂತ ಮುಖ್ಯವಾಗಿ ದಾರಿಯ ಎರಡೂ ತುದಿ ತೆರೆದಿರಬೇಕು. ಒಂದು ಕಡೆಯಿಂದ ಹೊಕ್ಕು ಅದೇ ಕಡೆಯಿಂದ ಹೊರಬರುವ ಸಾಲಿನ ಕೊನೆಗೆ ಗಿರಾಕಿ ಹೋಗುವುದೇ ಇಲ್ಲ, ಅಲ್ಲಿ ಜಾಗ ಸಿಕ್ಕವನು ಎರಡನೇ ವಾರಕ್ಕೆ ರಸ್ತೆಗೆ ಬರುತ್ತಾನೆ. ಒಬ್ಬ ರಸ್ತೆಗೆ ಬಂದರೆ ಸಾಕು, ಎಲ್ಲರೂ ಬರಲೇಬೇಕು, ಏಕೆಂದರೆ ಮೊದಲು ಕಣ್ಣಿಗೆ ಬಿದ್ದವನಿಗೇ ವ್ಯಾಪಾರ.

ಜಾತ್ರೆಯಲ್ಲೂ ಜಾಗದ ಬೆಲೆ ನಡಿಗೆಯ ದಿಕ್ಕಿನ ಮೇಲೆ ನಿಂತಿದೆ. ಹೂವು, ಕಾಯಿ, ಕರ್ಪೂರ, ಉತ್ತತ್ತಿ ಮಾರುವವರಿಗೆ ಗುಡಿಗೆ ಹೋಗುವ ದಾರಿ ಬೇಕು. ಬಳೆ, ಆಟಿಕೆ, ಪಾತ್ರೆ, ತಿಂಡಿ ಹಿಂದಿರುಗುವ ದಾರಿಯ ವ್ಯಾಪಾರ, ದರ್ಶನಕ್ಕೆ ಮೊದಲು ಕೈಯಲ್ಲಿ ಭಾರ ಹೊರುವವರಿಲ್ಲ. ಹೋಗುವ, ಬರುವ ದಾರಿಯನ್ನು ಪೊಲೀಸರು ಕೊನೆಯ ದಿನ ಬದಲಿಸಿದರೆ 15,000 ಕೊಟ್ಟು ಹಿಡಿದ ಮೂಲೆ ಜಾಗ ಮೂರು ಕಾಸಿಗಿಲ್ಲ. ಬ್ಯಾರಿಕೇಡಿನ ನಕ್ಷೆ ಮುಗಿದ ಮೇಲೆ ನೆಲದ ಹರಾಜು ಎಂಬ ಕ್ರಮ ಅಪರೂಪ, ಸಾಮಾನ್ಯವಾಗಿ ಹರಾಜು ಮೊದಲು, ನಕ್ಷೆ ಆಮೇಲೆ.

ದಾಸೋಹ ದೊಡ್ಡದಿರುವ ಜಾತ್ರೆಗಳಲ್ಲಿ ಊಟದ ಹೋಟೆಲು ಹಾಕುವುದು ಕೈ ಸುಟ್ಟುಕೊಳ್ಳುವ ಕೆಲಸ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ರೊಟ್ಟಿ ಬಂಡಿಗಟ್ಟಲೆ ಬರುತ್ತದೆ, ಅಲ್ಲಿ ಮಿರ್ಚಿಯನ್ನೂ ದಾಸೋಹದಲ್ಲೇ ಬಡಿಸುವುದುಂಟು. ಅಂಥಲ್ಲಿ ಚಹಾ, ಕಬ್ಬಿನ ಹಾಲು, ಆಟಿಕೆಗಳದೇ ವ್ಯಾಪಾರ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇನ್ನೊಂದು ಬಗೆ: ಬನದ ಹುಣ್ಣಿಮೆಯ ನಂತರ ವೃತ್ತಿ ನಾಟಕ ಕಂಪನಿಗಳು ವಾರಗಟ್ಟಲೆ ಕ್ಯಾಂಪು ಹಾಕುತ್ತವೆ. ರಾತ್ರಿ ಆಟ ಬಿಟ್ಟಾಗ ಗಿರ್ಮಿಟ್, ಮಂಡಕ್ಕಿ ಅಂಗಡಿಗೆ ಎರಡನೇ ಹಗಲು ಶುರು. ನಾಟಕದ ಟೆಂಟಿನ ಸಮೀಪದ ಜಾಗಕ್ಕೂ ಗುಡಿಯ ಸಮೀಪದ ಜಾಗಕ್ಕೂ ಒಂದೇ ದರವಿಟ್ಟರೆ ಅರ್ಥವಿಲ್ಲ, ಎರಡರ ಗಂಟೆಗಳೇ ಬೇರೆ.

ಜಾಗ ಯಾರಿಗೆ ಎಂಬುದು ಬರೀ ದುಡ್ಡಿನ ಪ್ರಶ್ನೆಯಾಗಿಯೂ ಉಳಿದಿಲ್ಲ. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಬ್ಯಾನರುಗಳು ಕಟ್ಟಿದಾಗ, ಮುಜರಾಯಿ ಕಾಯ್ದೆಯ 2002ರ ನಿಯಮಗಳಲ್ಲಿನ 31(12)ನೇ ನಿಯಮ ಚರ್ಚೆಗೆ ಬಂತು. ದೇವಸ್ಥಾನದ ಸಮೀಪದ ಆಸ್ತಿಯನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡುವಂತಿಲ್ಲ ಎನ್ನುವ ನಿಯಮ ಅದು. ನಿವೇಶನ, ಕಟ್ಟಡದ ಗುತ್ತಿಗೆಗೆಂದು ಬರೆದದ್ದು ಐದು ದಿನದ ನೆಲಬಾಡಿಗೆಗೂ, ಪಂಚಾಯಿತಿ ರಸ್ತೆಗೂ ಅನ್ವಯಿಸುತ್ತದೆಯೇ ಎಂಬಲ್ಲಿ ತಕರಾರಿತ್ತು. ತಲೆಮಾರುಗಳಿಂದ ಬಳೆ, ಆಟಿಕೆ ಮಾರಿಕೊಂಡು ಬಂದ ಕುಟುಂಬಕ್ಕೆ ಸರಕು ಕೊಂಡಾದ ಮೇಲೆ, ಜಾತ್ರೆಯ ಹಿಂದಿನ ದಿನ ಜಾಗವಿಲ್ಲ ಎಂದರೆ ಆ ಹಂಗಾಮಿನ ಬಂಡವಾಳವೇ ಮುಳುಗಿತು. ನೆಲ ಯಾರದು, ನಿಯಮ ಯಾವುದು ಎಂಬುದನ್ನು ತಿಂಗಳ ಮೊದಲೇ ಲಿಖಿತವಾಗಿ ಹೇಳದ ಸಮಿತಿ, ಆ ತೀರ್ಮಾನವನ್ನು ಬೀದಿಯ ಗುಂಪಿಗೆ ಬಿಟ್ಟುಕೊಟ್ಟಂತೆ.

ಬಣ್ಣ, ಎಣ್ಣೆ, ಸಿಲಿಂಡರು

2024ರ ಮಾರ್ಚ್‌ನಲ್ಲಿ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿ 107ರಲ್ಲಿ, ಬೊಂಬಾಯಿ ಮಿಠಾಯಿಯ 25ರಲ್ಲಿ 15 ಮಾದರಿಗಳಲ್ಲಿ ಕೃತಕ ಬಣ್ಣ ಕಂಡು ಅದರ ಬಳಕೆಗೆ ನಿಷೇಧ ಹೇರಿತು. ರೋಡಮಿನ್–ಬಿ ಬಟ್ಟೆಗೆ ಹಾಕುವ ಬಣ್ಣ, ಚಿಟಿಕೆಗೆ ಒಂದು ಬಾಣಲೆ ಕೆಂಪಾಗುತ್ತದೆ, ಅಗ್ಗ. ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ರುಬ್ಬಿ ಹಾಕಿದರೆ ಬಣ್ಣವೂ ಬರುತ್ತದೆ, ಖಾರವೂ ಹಿತವಾಗಿರುತ್ತದೆ, ಖರ್ಚು ಮಾತ್ರ ಹೆಚ್ಚು. ಬೊಂಬಾಯಿ ಮಿಠಾಯಿ ಬಿಳಿಯಾಗಿಯೇ ಇರಲಿ ಬಿಡಿ, ಮಕ್ಕಳು ತಿನ್ನುವುದು ಸಕ್ಕರೆಯನ್ನು. ಕರಿದ ಎಣ್ಣೆಗೂ ಮಿತಿಯಿದೆ: ಮತ್ತೆ ಮತ್ತೆ ಕಾಯಿಸಿದಷ್ಟೂ ಅದರಲ್ಲಿ ಹೆಚ್ಚುವ ಟೋಟಲ್ ಪೋಲಾರ್ ಕಾಂಪೌಂಡ್ ಎಂಬ ಅಂಶ ಶೇ 25 ಮೀರಬಾರದು ಎಂದು 2018ರಿಂದ ನಿಯಮ. ಅಂಗಡಿಯಲ್ಲಿ ಅಳೆಯುವ ಮೀಟರು ಇರುವುದಿಲ್ಲ. ಎಣ್ಣೆ ಕಪ್ಪಾಗಿ ದಪ್ಪಗಾದರೆ, ಮಿರ್ಚಿ ಹಾಕುವ ಮೊದಲೇ ಹೊಗೆಯಾಡಿದರೆ, ನೊರೆ ಆರದೆ ನಿಂತರೆ ಅದು ಚೆಲ್ಲುವ ಎಣ್ಣೆ. ಹಿಟ್ಟಿನ ಚೂರುಗಳನ್ನು ಆಗಾಗ ಜಾಲರಿಯಿಂದ ತೆಗೆದರೆ ಎಣ್ಣೆ ಹೆಚ್ಚು ಹೊತ್ತು ಬಾಳುತ್ತದೆ, ಬೇಗ ಕೆಡಿಸುವುದು ಆ ಸುಟ್ಟ ಚೂರುಗಳೇ.

ಮನೆಯ 14.2 ಕಿಲೋ ಸಿಲಿಂಡರನ್ನು ಅಂಗಡಿಗೆ ತರುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರೇ ಬೇಕು. ಅದನ್ನು ತಾಡಪಾಲಿನ ಹೊರಗೆ, ನೆಟ್ಟಗೆ, ಒಲೆಯಿಂದ ಪೈಪು ನಿಲುಕುವಷ್ಟು ದೂರ ಇಡಬೇಕು. ಪ್ರತಿ ಕರಿಯುವ ಅಂಗಡಿಯಲ್ಲೂ ಒಂದು ಬಕೆಟ್ ಮರಳು ಇರಲಿ. ಉರಿಯುವ ಎಣ್ಣೆಗೆ ನೀರು ಹೊಯ್ದರೆ ಬೆಂಕಿ ಛಾವಣಿಗೆ ಹಾರುತ್ತದೆ.

ಕ್ಯೂಆರ್ ಕೋಡಿನ ಭಯ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಕ್ಯೂಆರ್ ಕೋಡುಗಳು ರಾತ್ರೋರಾತ್ರಿ ಮಾಯವಾದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಎಂದು ನೋಟಿಸು ಬಂದ ಸುದ್ದಿ ಎಲ್ಲ ಸಂತೆಗಳಿಗೂ ಹಬ್ಬಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ವಿನಾಯಿತಿ ಇರುವ ಸರಕನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಬೇಕಿಲ್ಲ. ಗಲಾಟೆಯ ನಂತರ ಸರ್ಕಾರವೂ ಅದನ್ನೇ ಸ್ಪಷ್ಟಪಡಿಸಿತು.

ಜಾತ್ರೆಯ ವ್ಯಾಪಾರಿ ಎಡವುವುದು ಮಿಶ್ರ ಸರಕಿನಲ್ಲಿ. ಬಿಡಿಯಾಗಿ ಅಳೆದು ಕೊಡುವ ಮಂಡಕ್ಕಿಗೆ ತೆರಿಗೆಯಿಲ್ಲ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದರೆ ಶೇ 5. ಖಾರ, ಮಿಠಾಯಿ ತೆರಿಗೆಯವು. ಎರಡನ್ನೂ ಮಾರುವವರಿಗೆ ನೋಂದಣಿಗೆ ಇರುವ ವರ್ಷಕ್ಕೆ 40 ಲಕ್ಷ ವಹಿವಾಟಿನ ಮಿತಿ ಲೆಕ್ಕ ಹಾಕುವಾಗ ಎರಡೂ ಸೇರುತ್ತವೆ. ಬಜ್ಜಿ, ಚಹಾ ಅಂಗಡಿ ಸೇವೆಯ ಲೆಕ್ಕಕ್ಕೆ ಬರುವುದರಿಂದ ಮಿತಿ 20 ಲಕ್ಷ. ಮೀರಿದರೂ ಆಕಾಶ ಕಳಚಿ ಬೀಳುವುದಿಲ್ಲ, 1.5 ಕೋಟಿವರೆಗೆ ವಹಿವಾಟಿನ ಮೇಲೆ ಇಂತಿಷ್ಟೆಂದು ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿ ವ್ಯಾಪಾರಿಗೆ ಶೇ 1, ಹೋಟೆಲಿಗೆ ಶೇ 5. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಮಾಡಬೇಕಾದ ಮುಖ್ಯ ಕೆಲಸ ಒಂದೇ: ಅಂಗಡಿಯ ಕ್ಯೂಆರ್ ಕೋಡಿಗೆ ಬೇರೆಯದೇ ಬ್ಯಾಂಕ್ ಖಾತೆ. ಅಳಿಯ ಕಳಿಸಿದ ಕೈಸಾಲ, ಚೀಟಿ ಎತ್ತಿದ ಹಣ, ಮಗಳ ಮದುವೆಯ ಮುಯ್ಯಿ ಎಲ್ಲ ಅದೇ ಕೋಡಿಗೆ ಬಿದ್ದರೆ ಇಲಾಖೆಯ ಕಣ್ಣಿಗೆ ಅದೆಲ್ಲ ಮಾರಾಟವೇ. ಜೊತೆಗೆ ಒಂದು ನೋಟ್‌ಬುಕ್‌ನಲ್ಲಿ ದಿನದ ಕೊನೆಗೆ ಎರಡು ಸಾಲು, ತೆರಿಗೆ ಇಲ್ಲದ್ದು ಇಷ್ಟು, ಇರುವುದು ಇಷ್ಟು.

ತೇರಿನ ದಿನ ಒಂದೇ ಟವರಿಗೆ ಸಾವಿರಾರು ಫೋನುಗಳು ಜೋತುಬಿದ್ದು ಪಾವತಿ ಅರ್ಧಕ್ಕೆ ನಿಲ್ಲುತ್ತದೆ. ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರಿಗೆ ಆ ಹೊತ್ತೇ ಸುಗ್ಗಿ. ಚಿಲ್ಲರೆಯ ಡಬ್ಬಿ ತುಂಬಿಟ್ಟುಕೊಂಡವರೇ ಆ ಸಂಜೆ ಗೆಲ್ಲುತ್ತಾರೆ: ಹತ್ತು, ಇಪ್ಪತ್ತರ ನೋಟು ಒಂದೆರಡು ಸಾವಿರದಷ್ಟಾದರೂ ಮೊದಲೇ ತಂದಿರಬೇಕು. ದಿನಕ್ಕೆರಡು ಸಲ ಕ್ಯೂಆರ್ ಸ್ಟಿಕ್ಕರಿನ ಮೇಲೆ ಇನ್ನೊಂದು ಸ್ಟಿಕ್ಕರು ಅಂಟಿದೆಯೇ ಎಂದು ಉಗುರಿನಿಂದ ಕೆರೆದು ನೋಡುವುದೂ ಒಳ್ಳೆಯದು.

ಹರಾಜಿಗೆ ಮೊದಲಿನ ತಿಂಗಳು

ಜಾತ್ರೆಗಳ ಹಂಗಾಮು ಕಾರ್ತಿಕದಿಂದ ವೈಶಾಖದವರೆಗೆ, ಸುಗ್ಗಿಯ ದುಡ್ಡು ಊರಲ್ಲಿ ಓಡಾಡುವ ಕಾಲ. ಆಷಾಢದಿಂದ ಮೂರ್ನಾಲ್ಕು ತಿಂಗಳು ಬರೀ ವಾರದ ಸಂತೆಯೇ ಗತಿ. ಕೊರೊನಾದ ಎರಡು ವರ್ಷ ಇಡೀ ಹಂಗಾಮೇ ತಪ್ಪಿತು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿ ಜಾನುವಾರು ಸಂತೆ, ಜಾತ್ರೆಗಳಿಗೆ ನಿಷೇಧ ಬಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಮೊದಲೇ ಇಳಿಮುಖವಾಗಿದ್ದ ಎತ್ತಿನ ವ್ಯಾಪಾರಕ್ಕೆ ಅದು ಇನ್ನೊಂದು ಏಟು. ಎತ್ತು ಬರದಿದ್ದರೆ ಮೂಗುದಾರ, ಹಗ್ಗ, ಗೆಜ್ಜೆಸರ, ಬಾರುಕೋಲು ಮಾರುವವನೂ ಇಲ್ಲ, ಅವನ ಪಕ್ಕದ ಚಹಾ ಅಂಗಡಿಯೂ ಇಲ್ಲ. ಅದೇ ಹೊತ್ತಿಗೆ ಬಾಗಲಕೋಟೆ ಜಿಲ್ಲೆಯ ಅಮೀನಗಡ, ಕೆರೂರಿನಂಥ ಕಡೆ ಕುರಿ ಸಂತೆಗಳು ಬಲವಾಗಿಯೇ ಇವೆ. ನಿಷೇಧ ಬಿದ್ದ ವಾರಗಳ ಬಾಡಿಗೆ ಕಡಿತಕ್ಕೆ ಗುತ್ತಿಗೆದಾರ ಅರ್ಜಿ ಹಾಕುತ್ತಾನೆ, ಸಿಕ್ಕರೂ ಸಿಗಬಹುದು. ಕಟ್ಟಿದ ಮುಂಗಡ ವ್ಯಾಪಾರಿಗೆ ವಾಪಸು ಕೊಡಿಸುವ ಷರತ್ತು ಮಾತ್ರ ಹರಾಜಿನ ಪ್ರಕಟಣೆಯಲ್ಲಿ ಇರುವುದಿಲ್ಲ.

ಹರಾಜನ್ನೇ ಬಿಡಬೇಕೆಂದಿಲ್ಲ. ಸವಾಲಿಗೆ ಮೇಲ್ಮಿತಿ ಇಟ್ಟರೆ ಸಾಕು: ಮೊದಲು ನಾಲ್ಕು ವಾರ ತಲೆ ಎಣಿಸಿ, ಅದರ ಸರಾಸರಿಯನ್ನು ದರದಿಂದಲೂ 52 ವಾರದಿಂದಲೂ ಗುಣಿಸಿ, ನೂರಕ್ಕೆ ಇಪ್ಪತ್ತು ವಸೂಲಿ ಖರ್ಚು ಕಳೆದು ಉಳಿದದ್ದೇ ಗರಿಷ್ಠ ಮೊತ್ತ. ಅದಕ್ಕೆ ಒಪ್ಪಿದವರು ಹಲವರಿದ್ದರೆ ಚೀಟಿ ಎತ್ತಲಿ. ಪಂಚಾಯಿತಿಯ ಆದಾಯ ಕಾಗದದ ಮೇಲೆ ಇಳಿಯುತ್ತದೆ, ಇದನ್ನು ಒಪ್ಪಿಸುವುದೇ ಕಷ್ಟದ ಭಾಗ. ಇನ್ನೊಂದು ದಾರಿ, ವಸೂಲಿಯನ್ನು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರಿಗೆ ನೂರಕ್ಕಿಷ್ಟು ಎಂಬ ಕಮಿಷನ್ನಿಗೆ ಕೊಡುವುದು. ಕಸದ ಗಾಡಿಯನ್ನು ಹಲವು ಪಂಚಾಯಿತಿಗಳಲ್ಲಿ ಈಗಾಗಲೇ ಅವರೇ ಓಡಿಸುತ್ತಿದ್ದಾರೆ. ಸಂತೆ ಮುಗಿದ ಮೇಲೆ ಕಸ ಎತ್ತುವವರೇ ಚೀಟಿ ಹರಿದರೆ, ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಎಂಬುದು ವ್ಯಾಪಾರಿಗೂ ಕಾಣುತ್ತದೆ. ಚೀಟಿಗೆ ಕ್ರಮಸಂಖ್ಯೆ, ದರ, ದಿನಾಂಕ ಮುದ್ರಿಸಿರಬೇಕು. ಸೊಪ್ಪಿನ ಗಂಟಿಗೆ ಕಡಿಮೆ, ವಾಹನದಲ್ಲಿ ತಂದ ಸರಕಿಗೆ ಹೆಚ್ಚು ಎಂಬ ದರಪಟ್ಟಿಯನ್ನು ಸಂತೆಯ ಎರಡೂ ತುದಿಯಲ್ಲಿ, ಅಳಿಸಲಾಗದ ಬಣ್ಣದಲ್ಲಿ ಗೋಡೆಗೆ ಬರೆಸಬೇಕು. ಫ್ಲೆಕ್ಸ್ ಕಟ್ಟಿದರೆ ಮೂರನೇ ವಾರಕ್ಕೆ ಅದು ಯಾರದೋ ಅಂಗಡಿಯ ಸೂರಾಗಿರುತ್ತದೆ.

ಇವನ್ನೆಲ್ಲ ಕೇಳುವ ಹೊತ್ತು ಸಂತೆಯ ದಿನವಲ್ಲ. ಏಪ್ರಿಲ್‌ನಲ್ಲಿ ಕರಾರು ಸಹಿಯಾದ ಮೇಲೆ ಒಂದು ವರ್ಷ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಹೋದರೂ ಸಿಗುವುದು ಒಂದೇ ಉತ್ತರ, ಗುತ್ತಿಗೆ ಆಗಿಹೋಗಿದೆ. ದರಪಟ್ಟಿ, ಗರಿಷ್ಠ ಸವಾಲು, ರಸೀದಿ, ಹೆಚ್ಚು ವಸೂಲು ಮಾಡಿದರೆ ಠೇವಣಿ ಮುಟ್ಟುಗೋಲು, ಸಂತೆ ನಿಂತ ವಾರದ ಮುಂಗಡ ವಾಪಸು, ಈ ಐದು ಷರತ್ತುಗಳು ಹರಾಜಿನ ಪ್ರಕಟಣೆಯಲ್ಲೇ ಅಚ್ಚಾಗಬೇಕು. ಹಾಗಾಗಬೇಕಾದರೆ ಜನವರಿ ಅಥವಾ ಫೆಬ್ರವರಿಯ ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಿರಬೇಕು, ಅದಕ್ಕೂ ಮೊದಲು ವ್ಯಾಪಾರಿಗಳ ಸಹಿಯಿರುವ ಅರ್ಜಿಗೆ ಕಚೇರಿಯ ಸ್ವೀಕೃತಿ ಮುದ್ರೆ ಬಿದ್ದಿರಬೇಕು.